ಕನ್ನಡ ಸಾಹಿತ್ಯವನ್ನು ಬೆಳೆಸಿದ್ದು ರಾಜರ ಆಸರೆಯೇ?

ಪರ: ಓಲೆಗರಿ ಪುಕ್ಕಟೆ ಬರುತ್ತಿರಲಿಲ್ಲ

‘ಹೌದು’ ಎನ್ನುವ ಕಡೆ ಬರೆಯಿರಿ ಎಂದು ಕೇಳಿದಾಗ ಒಂದು ದಿನ ಟೈಮ್ ತಗೊಂಡೆ. ರಾಜರನ್ನು ಹೊಗಳುವ ಆಸೆ ನನಗಿಲ್ಲ. ಆದರೆ ಒಂದು ಹಳೆಯ ಕಾವ್ಯ ನಮ್ಮ ಕೈ ಸೇರಲು ಏನೇನು ಬೇಕಾಗಿತ್ತು ಎಂದು ಯೋಚಿಸಿದರೆ ಬೇರೆ ಉತ್ತರ ಹೊಳೆಯುವುದಿಲ್ಲ.

ತಾಳೆಗರಿ ತರಬೇಕು. ಬೇಯಿಸಿ, ಒಣಗಿಸಿ, ನಯ ಮಾಡಿ, ಒಂದೇ ಅಳತೆಗೆ ಕತ್ತರಿಸಬೇಕು. ಚೂಪಾದ ಕಬ್ಬಿಣದ ಕಡ್ಡಿಯಿಂದ ಒಂದೊಂದೇ ಅಕ್ಷರ ಕೊರೆದು ಮೇಲೆ ಮಸಿ ಸವರಬೇಕು. ಇಷ್ಟು ಮಾಡಿದರೂ ಹುಳ ಬಿಡುವುದಿಲ್ಲ. ಕೆಲವು ತಲೆಮಾರಿಗೊಮ್ಮೆ ಮತ್ತೆ ಪ್ರತಿ ಮಾಡಲೇಬೇಕು. ಅಷ್ಟು ದಿನ ಬರೆಯುವವನ ಹೊಟ್ಟೆ ನೋಡಿಕೊಳ್ಳುವವರು ಯಾರು?

ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು 1000 ಪ್ರತಿ ಮಾಡಿಸಿ ಹಂಚಿದರು. ಅಚ್ಚುಕೂಟ ಇಲ್ಲದ ಕಾಲದಲ್ಲಿ ಸಾವಿರ ಪ್ರತಿ! ಅವರ ಮನಸ್ಸು ದೊಡ್ಡದು, ನಿಜ. ಆದರೆ ದುಡ್ಡು ಎಲ್ಲಿಂದ ಬಂತು? ಅವರು ಚಾಲುಕ್ಯರ ದಂಡನಾಯಕನ ಮನೆಯವರು. ಪಂಪ 941ರ ಹೊತ್ತಿಗೆ ಎರಡು ದೊಡ್ಡ ಕಾವ್ಯ ಮುಗಿಸಿದ್ದು ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿ. ಅವನಿಗೆ ಧರ್ಮಪುರ ಎಂಬ ಅಗ್ರಹಾರವೇ ಸಿಕ್ಕಿತು. ರನ್ನನನ್ನು ನೋಡಿ. ಮುಧೋಳದ ಬಳೆಗಾರರ ಮನೆಯ ಹುಡುಗ. ಬಳೆ ಮಾರಿಕೊಂಡು ಇರಬೇಕಾಗಿದ್ದವನು ಕವಿಚಕ್ರವರ್ತಿ ಆದ. ಆ ಬಾಗಿಲು ತೆಗೆದದ್ದು ಗಂಗರ ಮಂತ್ರಿ ಚಾವುಂಡರಾಯ, ಅತ್ತಿಮಬ್ಬೆ, ಚಾಲುಕ್ಯ ದೊರೆಗಳು.

ಕಾವೇರಿಯಿಂದ ಗೋದಾವರಿವರೆಗೆ ಕನ್ನಡ ನಾಡು ಎಂದು ಗೆರೆ ಎಳೆದು ಹೇಳಿದ ಕವಿರಾಜಮಾರ್ಗ ಬಂದದ್ದೂ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಿಂದ, 9ನೇ ಶತಮಾನದಲ್ಲಿ.

ವಚನಗಳ ವಿಷಯಕ್ಕೆ ಬಂದರೆ ನನ್ನ ಮಾತು ಸ್ವಲ್ಪ ಸಡಿಲವಾಗುತ್ತದೆ, ಒಪ್ಪುತ್ತೇನೆ. ಆದರೂ ಬಸವಣ್ಣನವರು ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಿದ್ದವರು ಎನ್ನುವುದನ್ನು ಮರೆಯಬಾರದು.

ನಾನು ಗೆಳೆಯರ ಜೊತೆ ಸೇರಿ ಒಂದು ಸಣ್ಣ ಪತ್ರಿಕೆ ನಡೆಸುತ್ತಿದ್ದೆ. 11 ಸಂಚಿಕೆ ತಂದೆವು. ಬರಹಕ್ಕೆ ಬರ ಇರಲಿಲ್ಲ, ಓದುವವರೂ ಇದ್ದರು. ಪ್ರೆಸ್ಸಿನ ಬಿಲ್ಲು ಕಟ್ಟಲಾಗದೆ 12ನೆಯದು ಬರಲೇ ಇಲ್ಲ.

ವಿರೋಧ: ಬೀಸುಕಲ್ಲಿಗೆ ಯಾವ ರಾಜ ಕೂಲಿ ಕೊಟ್ಟ?

ಈ ಪ್ರಶ್ನೆ ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ. ರಾಜ ಅನ್ನ ಹಾಕಿದರೆ ಮಾತ್ರ ಕನ್ನಡದ ಕವಿ ಬಾಯಿ ಬಿಡುತ್ತಾನೆ, ಇಲ್ಲದಿದ್ದರೆ ಮೂಕ. ಪರ ಬರೆದ ಗೆಳೆಯರ ಮಾತಿನ ಅರ್ಥ ಇಷ್ಟೇ ಅಲ್ವಾ?

ಹಾಗಾದರೆ ಅವರೇ ಎತ್ತಿದ ಕವಿರಾಜಮಾರ್ಗವನ್ನು ಇನ್ನೆರಡು ಪುಟ ಮುಂದೆ ಓದಲಿ. ಈ ನಾಡಿನ ಜನ ‘ಕುರಿತೋದದೆಯುಂ’ ಕಾವ್ಯಪ್ರಯೋಗದಲ್ಲಿ ಪಳಗಿದವರು ಎಂದು ಆ ಪುಸ್ತಕವೇ ಹೇಳುತ್ತದೆ. ಪಟ್ಟು ಹಿಡಿದು ಓದದೆಯೂ ಕಾವ್ಯ ಬಲ್ಲವರು. ಅರಮನೆಯಲ್ಲಿ ಕೂತು ಬರೆದವರೇ ಒಪ್ಪಿಕೊಂಡ ಮಾತು ಇದು. ಜನರಿಗೆ ಮೊದಲೇ ಗೊತ್ತಿತ್ತು. ರಾಜರು ಆಮೇಲೆ ಬಂದರು.

ನಿಧಾನವಾಗಿಯೇ ಬಂದರು. ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಕೇಶಿಯನ್ನು ಹೊಗಳಿ 634ರಲ್ಲಿ ಐಹೊಳೆಯ ಮೇಗುಟಿ ಗುಡ್ಡದ ಮೇಲೆ ಬರೆಸಿದ ಶಾಸನ ಯಾವ ಭಾಷೆಯಲ್ಲಿದೆ? ಸಂಸ್ಕೃತದಲ್ಲಿ. ತಾಳಗುಂದದ ಕಂಬದ ಮೇಲೆ ಕದಂಬರ ವಂಶದ ಕಥೆ ಯಾವ ಭಾಷೆಯಲ್ಲಿದೆ? ಅದೂ ಸಂಸ್ಕೃತ. ಹಲ್ಮಿಡಿ ಶಾಸನದಲ್ಲಿ ಕನ್ನಡ ಬಂತು, ಸುಮಾರು 450ರಲ್ಲಿ. ಯಾಕೆ ಬಂತು? ಯುದ್ಧದಲ್ಲಿ ಹೋರಾಡಿದ ವಿಜಅರಸನಿಗೆ ಊರು ಕೊಟ್ಟ ಸುದ್ದಿ ಅದರಲ್ಲಿದೆ. ಊರು ಯಾರದು ಎನ್ನುವುದು ಆ ಊರಿನವರಿಗೆ ಅರ್ಥವಾಗಬೇಕಿತ್ತು. ಕನ್ನಡಕ್ಕೆ ರಾಜ ಬೇಕಾಗಿದ್ದಕ್ಕಿಂತ ರಾಜನಿಗೆ ಕನ್ನಡ ಜಾಸ್ತಿ ಬೇಕಾಗಿತ್ತು.

ಇನ್ನು ಅರಮನೆಯ ಅನ್ನ ಉಂಡದ್ದಕ್ಕೆ ಪಂಪ ಏನು ಕೊಡಬೇಕಾಯಿತು ನೋಡಿ. ಪಂಪನ ಮೇಲೆ ನನಗೆ ಪ್ರಾಣ. ಬನವಾಸಿಯನ್ನು ನೆನೆದ ಅವನ ಪದ್ಯ ಓದಿದರೆ ಈಗಲೂ ಕಣ್ಣು ತುಂಬುತ್ತದೆ. ಆದರೆ ಅವನು ಬರೆದ ಮಹಾಭಾರತದಲ್ಲಿ ಅರ್ಜುನನೂ ಅರಿಕೇಸರಿಯೂ ಒಬ್ಬರೇ. ದೊರೆಯ ಹೆಂಡತಿಗೆ ಐವರು ಗಂಡಂದಿರು ಎನ್ನಲಾಗುತ್ತದೆಯೇ? ಹಾಗಾಗಿ ದ್ರೌಪದಿ ಅರ್ಜುನನೊಬ್ಬನಿಗೇ ಹೆಂಡತಿ ಆಗುತ್ತಾಳೆ. ಕೊನೆಗೆ ಪಟ್ಟ ಕಟ್ಟುವಾಗ ಅರ್ಜುನನ ಪಕ್ಕದಲ್ಲಿ ಕೂರುವುದು ಸುಭದ್ರೆ. ಮುಡಿ ಹಿಡಿದು ಎಳೆಸಿಕೊಂಡವಳು, ಕಾಡು ಅಲೆದವಳು ಪಟ್ಟದ ಹೊತ್ತಿಗೆ ಪಕ್ಕಕ್ಕೆ ಸರಿಯಬೇಕಾಯಿತು. ರಾಜ ಬರೀ ಅನ್ನ ಹಾಕಿ ಸುಮ್ನೆ ಕೂರಲಿಲ್ಲ, ಕಥೆಯ ಒಳಗೇ ಬಂದು ಕೂತ.

ವಚನಗಳನ್ನು ಗೆಳೆಯರು ಎರಡು ಸಾಲಿನಲ್ಲಿ ಮುಗಿಸಿಬಿಟ್ಟರು. ಬಸವಣ್ಣ ಭಂಡಾರಿ ಆಗಿದ್ದರಂತೆ, ಆದ್ದರಿಂದ ಅದೂ ರಾಜಾಶ್ರಯವಂತೆ! ಅಂಬಿಗರ ಚೌಡಯ್ಯ ಯಾವ ಆಸ್ಥಾನದಲ್ಲಿದ್ದ? ಆಯ್ದಕ್ಕಿ ಲಕ್ಕಮ್ಮನಿಗೆ ಯಾರು ಅಗ್ರಹಾರ ಕೊಟ್ಟರು? ಕಲ್ಯಾಣದಲ್ಲಿ ಗಲಭೆ ಆದಾಗ ಅರಮನೆ ಶರಣರ ಕಡೆ ಇರಲಿಲ್ಲ. ವಚನದ ಕಟ್ಟುಗಳು ಮಠಗಳಲ್ಲಿ, ಮನೆಗಳ ಜಗುಲಿಯ ಮೇಲೆ ಉಳಿದವು. 20ನೇ ಶತಮಾನದಲ್ಲಿ ಫ.ಗು. ಹಳಕಟ್ಟಿಯವರು ಮನೆ ಮನೆ ಅಲೆದು ಹುಡುಕಿದಾಗ ಆ ಕಟ್ಟುಗಳನ್ನು ತೆಗೆದುಕೊಟ್ಟದ್ದು ಜನ.

ನಾನು ಹೇಳಬೇಕಾದದ್ದು ನಿಜವಾಗಿ ನಮ್ಮ ಆಯಿಯ ವಿಷಯ. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತೇವೆ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬೀಸುಕಲ್ಲಿನ ಮುಂದೆ ಒಂದು ಕಾಲು ಚಾಚಿ, ಒಂದು ಕಾಲು ಮಡಚಿ ಕೂರುತ್ತಿದ್ದಳು. ಬಲಗೈ ಗೂಟದ ಮೇಲೆ, ಎಡಗೈಯಲ್ಲಿ ಹಿಡಿ ಜೋಳ. ಕಲ್ಲು ಗುರ್ ಎಂದು ತಿರುಗಲು ಶುರುವಾದರೆ ಪದವೂ ಶುರು. ಮೂರೇ ಸಾಲು. ಎರಡನೆಯದನ್ನು ಇನ್ನೊಮ್ಮೆ ಎಳೆದು ಹಾಡಿ, ಆಮೇಲೆ ಮೂರನೆಯದಕ್ಕೆ ಇಳಿಯುತ್ತಿದ್ದಳು. ಸಾಲು ಇಳಿಯುವ ಹೊತ್ತಿಗೆ ಸರಿಯಾಗಿ ಕಾಳು ಕಲ್ಲಿನ ಬಾಯಿಗೆ ಬೀಳುತ್ತಿತ್ತು. ನಾನು ಕೌದಿಯೊಳಗೆ ಮಲಗಿಕೊಂಡೇ ಕೇಳುತ್ತಿದ್ದೆ. ಭೂಮಿತಾಯಿ, ತವರುಮನೆ, ಸತ್ತುಹೋದ ತಮ್ಮ, ಎಲ್ಲ ಆ ಮೂರು ಸಾಲಿನಲ್ಲಿ ಬಂದು ಹೋಗುತ್ತಿದ್ದರು.

ಕಾಲೇಜಿನಲ್ಲಿದ್ದಾಗ ಬಾದಾಮಿಗೆ ಹೋಗಿದ್ದೆವು. ಅಲ್ಲಿ ಬಂಡೆಯ ಮೇಲೆ ಕಪ್ಪೆ ಅರಭಟ್ಟ ಎಂಬ ವೀರನ ಶಾಸನ ಇದೆ. ಸುಮಾರು 700ನೇ ಇಸವಿಯದು. ಅದರಲ್ಲಿ ಮೂರು ತ್ರಿಪದಿಗಳಿವೆ. ಜೊತೆಗಿದ್ದ ಮೇಷ್ಟ್ರು ರಾಗ ಎಳೆಯದೆ, ಸಾದಾ ದನಿಯಲ್ಲಿ ಓದಿದರು: ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ...’ ನನ್ನ ಮೈ ಜುಮ್ ಎಂದಿತು. ಪದಗಳು ಪೂರ್ತಿ ಅರ್ಥವಾಗಲಿಲ್ಲ. ಆದರೆ ಆ ನಡೆ ನನಗೆ ಗೊತ್ತಿತ್ತು. ಮೂರನೇ ಸಾಲಿಗೆ ಇಳಿಯುವಾಗ ನನ್ನ ಬಲಗೈ ತಾನಾಗಿಯೇ ಒಂದು ಸುತ್ತು ತಿರುಗಿತು.

ಐಹೊಳೆ ಅಲ್ಲಿಂದ ಸುಮಾರು 35 ಕಿಲೋಮೀಟರ್. ಅಲ್ಲಿ ಚಕ್ರವರ್ತಿಗೆ ಸಂಸ್ಕೃತ, ಇಲ್ಲಿ ಅರಭಟ್ಟನಿಗೆ ಬೀಸುಕಲ್ಲಿನ ಮಟ್ಟು. ಯಾವುದು ನಮ್ಮ ಆಯಿಯ ಬಾಯಿಯವರೆಗೆ ಬಂತು? ನಡುವೆ ರಾಷ್ಟ್ರಕೂಟರು ಬಂದರು, ಹೊಯ್ಸಳರು ಬಂದರು, ವಿಜಯನಗರ ಬಂತು, ಎಲ್ಲರೂ ಹೋದರು. ಈ ಮಟ್ಟನ್ನು ಯಾರೂ ಸಾಕಲಿಲ್ಲ. ಸಾವಿರದ ಮುನ್ನೂರು ವರ್ಷ ಅದು ಹಿಟ್ಟಿನ ಜೊತೆ ನಡೆದು ಬಂತು.

ಊರಿಗೆ ಗಿರಣಿ ಬಂದ ಮೇಲೆ ಆಯಿ ಬೀಸುವುದು ಬಿಟ್ಟಳು. ಬಾದಾಮಿಯಿಂದ ಬಂದ ವಾರವೇ ನಾನು ನೋಟ್‌ಬುಕ್ ಹಿಡಿದು ಅವಳ ಮುಂದೆ ಕೂತೆ. ಸುಮ್ಮನೆ ಕೂತು ಹಾಡು ಎಂದರೆ ಅವಳಿಗೆ ಬರಲಿಲ್ಲ. ‘ಕೈಯಾಗ ಗೂಟ ಇಲ್ಲದ ನೆನಪಾಗೂದಿಲ್ಲೊ’ ಎಂದಳು. ಹಿತ್ತಲಲ್ಲಿ ಬಿದ್ದಿದ್ದ ಕಲ್ಲನ್ನು ತೊಳೆದು ತಂದಿಟ್ಟೆ. ಖಾಲಿ ಕಲ್ಲು ತಿರುಗಿಸುತ್ತಾ ಅವಳು 40 ಪದ ಹೇಳಿದಳು, ನಾನು ಬರೆದುಕೊಂಡೆ. ಇನ್ನೂ ಬಹಳ ಇವೆ, ಸುಗ್ಗಿ ಮುಗಿಯಲಿ, ಕೂತು ಹೇಳುತ್ತೇನೆ ಎಂದಿದ್ದಳು. ಸುಗ್ಗಿಗೆ ಮೊದಲೇ ಹೋಗಿಬಿಟ್ಟಳು. ಆ ನೋಟ್‌ಬುಕ್ಕಿನ ಕೊನೆಯ ಒಂಬತ್ತು ಹಾಳೆ ಹಾಗೇ ಖಾಲಿ ಇವೆ.