ಪಾಪ ಅಂತ ಕೆರೆಗೆ ಬಿಡೋದು

ಹೋದ ಭಾನುವಾರ ಭಾವನ ಮನೇಲಿ ಸಣ್ಣ ಜಗಳ. ಅಕ್ಕನ ಮಗಳ ಹುಟ್ಟುಹಬ್ಬಕ್ಕೆ ತಂದಿದ್ದ ಆಮೆ, ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರತ್ತಲ್ಲ ಅದು, ತಂದಾಗ ಅಂಗೈಯಲ್ಲಿ ಓಡಾಡ್ತಿತ್ತು. ಈಗ ತಿಂಡಿ ತಟ್ಟೆಯಷ್ಟಾಗಿದೆ. "ಪಾಪ ಕಣೋ, ಟಬ್ಬಲ್ಲಿ ಎಷ್ಟು ದಿನ ಅಂತ ಇಡೋದು, ಕೆರೆಗೆ ಬಿಟ್ಟುಬರೋಣ" ಅಂದರು ಭಾವ. "ಬೇಡ ಭಾವ, ಅದು ನಮ್ಮ ಕೆರೆಯ ಆಮೆ ಅಲ್ಲ" ಅಂತ ಶುರುಮಾಡಿದ ನಾನು ಅಮೆರಿಕದ ಫ್ಲೋರಿಡಾದ ಹೆಬ್ಬಾವಿನ ತನಕ ಹೋದೆ. ಅಕ್ಕ ಎದ್ದು ಒಳಗೆ ಹೋದಳು. ಅಲ್ಲಿ ಅರ್ಧಕ್ಕೆ ನಿಂತದ್ದನ್ನ ಇಲ್ಲಿ ಮುಗಿಸ್ತೀನಿ.

ಫ್ಲೋರಿಡಾದ ದಕ್ಷಿಣ ತುದಿಯಲ್ಲಿ ಎವರ್‌ಗ್ಲೇಡ್ಸ್ ಅನ್ನೋ ಜೌಗುನಾಡಿದೆ. ನೀರು, ಆಳೆತ್ತರದ ಹುಲ್ಲು, ಮತ್ತೆ ನೀರು. ಅಲ್ಲಿನ ಮಣ್ಣಿಗೆ ಸಂಬಂಧವೇ ಇಲ್ಲದ ಬರ್ಮಾ ಹೆಬ್ಬಾವು ಇವತ್ತು ಅಲ್ಲಿ ಠಿಕಾಣಿ ಹೂಡಿದೆ. ತಾನಾಗಿ ಹರಿದು ಬಂದದ್ದಲ್ಲ. ಮನೇಲಿ ಸಾಕೋ ಶೋಕಿಗೆ ಏಷ್ಯಾದಿಂದ ತರಿಸಿಕೊಂಡದ್ದು. 1996ರಿಂದ 2006ರ ನಡುವೆ ಅಮೆರಿಕಕ್ಕೆ ಬಂದವೇ ಸುಮಾರು 99,000. ಮರಿಯಾಗಿದ್ದಾಗ ಕೈಗೆ ಸುತ್ತಿಕೊಂಡು ಫೋಟೋ ತೆಗೆಸ್ಕೋಬಹುದು. ನಾಲ್ಕೈದು ವರ್ಷದಲ್ಲಿ ಅದು ಮನೆಯವರೆಲ್ಲರಿಗಿಂತ ಉದ್ದ. ಆಮೇಲೆ? ಪಾಪ ಅಂತ ಬಿಟ್ಟು ಬರೋದು. 1992ರ ಆಂಡ್ರ್ಯೂ ಚಂಡಮಾರುತಕ್ಕೆ ಹಾವು ಸಾಕುವ ಕೇಂದ್ರವೊಂದು ನೆಲಕಚ್ಚಿ ಅಲ್ಲಿಂದ ತಪ್ಪಿಸಿಕೊಂಡವು ಅಂತಲೂ ಹೇಳ್ತಾರೆ. ಆದರೆ ಅಲ್ಲಿ ಮೊದಲ ಹೆಬ್ಬಾವು ಕಂಡದ್ದು 1979ರಲ್ಲೇ. ಗಾಳಿ ಮೇಲೆ ತಪ್ಪು ಹೊರಿಸಿದರೆ ಅದೇನು ತಿರುಗಿ ಮಾತಾಡತ್ತಾ!

2012ರಲ್ಲಿ ವಿಜ್ಞಾನಿಗಳು ರಾತ್ರಿ ರಸ್ತೆಗಳಲ್ಲಿ ಪ್ರಾಣಿ ಎಣಿಸಿದ ಲೆಕ್ಕ ಹೊರಬಂತು. ತೊಂಬತ್ತರ ದಶಕಕ್ಕೆ ಹೋಲಿಸಿದರೆ ಬೆಕ್ಕಿನಷ್ಟು ದೊಡ್ಡ ರಕೂನ್ ಅನ್ನೋ ಪ್ರಾಣಿ ಶೇ. 99ರಷ್ಟು ಕಡಿಮೆ. ಮರಿಯನ್ನ ಹೊಟ್ಟೆಚೀಲದಲ್ಲಿ ಹೊರೋ ಒಪೊಸಮ್ಮೂ ಹೆಚ್ಚುಕಡಿಮೆ ಅಷ್ಟೇ ಇಳಿದಿತ್ತು. ಮೊಲ ಒಂದೂ ಕಣ್ಣಿಗೆ ಬೀಳಲಿಲ್ಲ. ಹಾವಿನ ಆಮದು ನಿಷೇಧಿಸಿದ್ದೂ ಅದೇ ವರ್ಷ, ಊರೆಲ್ಲ ಸೂರೆಯಾದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಮೊಸಳೆಯ ದಾಯಾದಿ ಅಲಿಗೇಟರನ್ನೇ ನುಂಗೋ ಪ್ರಾಣಿ ಇದು. 2022ರಲ್ಲಿ ಸುದ್ದಿಯಾದ ಹೆಣ್ಣು ಹೆಬ್ಬಾವೊಂದು ಹತ್ತಿರ ಹತ್ತಿರ ನೂರು ಕಿಲೋ ತೂಗ್ತಿತ್ತು. ಹೊಟ್ಟೆಯೊಳಗೆ ಬೆಳೀತಿದ್ದ ಮೊಟ್ಟೆ 122, ಜೊತೆಗೆ ಜಿಂಕೆಯ ಗೊರಸು.

ಹಿಡಿಯೋದು ಅಂದುಕೊಂಡಷ್ಟು ಸುಲಭ ಅಲ್ಲ. ಕಾಲ ಬುಡದಲ್ಲೇ ಮಲಗಿದ್ದರೂ ಹುಲ್ಲಿನ ಬಣ್ಣದೊಳಗೆ ಕಾಣೋದಿಲ್ಲ. 2013ರಲ್ಲಿ ಬಹುಮಾನ ಇಟ್ಟು ಬೇಟೆ ಸ್ಪರ್ಧೆ ಮಾಡಿದಾಗ ಸುಮಾರು 1,600 ಜನ ಸೇರಿ ಹಿಡಿದದ್ದು 68. ಗಂಡು ಹಾವಿನೊಳಗೆ ಎಲ್ಲಿದೆ ಅಂತ ಸುಳಿವು ಕೊಡೋ ರೇಡಿಯೋ ಕೂರಿಸಿ ಬಿಟ್ಟರೆ ಅದು ಹೆಣ್ಣಿನ ಹತ್ತಿರ ಕರಕೊಂಡು ಹೋಗತ್ತೆ. ನೂರು ಕಿಲೋದ ಆ ಹಾವು ಸಿಕ್ಕಿದ್ದೂ ಹಾಗೇ.

ನನಗೆ ತುಂಬಾ ಇಷ್ಟವಾದ ಭಾಗ ಮುಂದಿನದು. 2017ರಲ್ಲಿ ಫ್ಲೋರಿಡಾದವರು ಹಾವು ಹಿಡಿಯೋದರಲ್ಲಿ ಪಳಗಿದ ತಮಿಳುನಾಡಿನ ಇರುಳ ಬುಡಕಟ್ಟಿನವರನ್ನ ಕರೆಸಿಕೊಂಡರು. ಮಸಿ ಸಡೈಯನ್, ವಡಿವೇಲ್ ಗೋಪಾಲ್. ಇಬ್ಬರೂ ನೆಲ ನೋಡ್ತಾ ನಡೆದರು: ಹರಿದ ಗುರುತು, ಹಿಕ್ಕೆ, ಪೊರೆ. ಮೊದಲ ಎರಡು ವಾರದಲ್ಲೇ 13 ಹೆಬ್ಬಾವು ಹಿಡಿದರು. ಅದರಲ್ಲೊಂದು ಪಾಳುಬಿದ್ದ ಕ್ಷಿಪಣಿ ನೆಲೆಯೊಳಗೆ ಅಡಗಿದ್ದ 16 ಅಡಿಯದ್ದು. 2023ರಲ್ಲಿ ಇಬ್ಬರಿಗೂ ಪದ್ಮಶ್ರೀ ಬಂತು. ಆದರೆ ಅವರಿಂದಲೂ ಆ ಜೌಗು ಪೂರ್ತಿ ಚೊಕ್ಕಟ ಆಗೋದಿಲ್ಲ. ಹಾವು ಅಷ್ಟು ಹರಡಿಬಿಟ್ಟಿದೆ.

ಹೆಬ್ಬಾವನ್ನ ರಾಕ್ಷಸ ಅಂತ ಬರೆಯೋರನ್ನ ಕಂಡರೆ ನನಗೆ ಸಿಟ್ಟು ಬರತ್ತೆ. ಅದೇ ಹಾವು ತನ್ನ ತವರಲ್ಲಿ ಚರ್ಮಕ್ಕೂ ಮಾಂಸಕ್ಕೂ ಬಲಿಯಾಗಿ ಕಮ್ಮಿಯಾಗ್ತಿದೆ. ಅಲ್ಲಿ ಅಳಿವಿನ ಭಯ, ಫ್ಲೋರಿಡಾದಲ್ಲಿ ತಲೆಗೆ ಬಹುಮಾನ. ಹಸಿವಾದರೆ ತಿನ್ನೋದು ಬಿಟ್ಟು ಅದು ಮಾಡಿದ ತಪ್ಪೇನು? ನಮ್ಮೂರೂ ಸಾಚಾ ಅಲ್ಲ. 2023ರಲ್ಲಿ ಬ್ಯಾಂಕಾಕಿನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಂದ ಬ್ಯಾಗುಗಳಲ್ಲಿ ಬಾಲ್ ಪೈಥಾನ್ ಅನ್ನೋ ಆಫ್ರಿಕಾ ಜಾತಿಯ 55 ಹೆಬ್ಬಾವು ಸಿಕ್ಕವು. ಯಾರೋ ಕೊಳ್ಳೋರು ಇದ್ದದ್ದಕ್ಕೇ ತಾನೇ ಬಂದದ್ದು?

ಆಮೆ ಇನ್ನೂ ಭಾವನ ಮನೆ ಟೆರೇಸಲ್ಲಿದೆ. ದೊಡ್ಡ ತೊಟ್ಟಿ ಕಟ್ಟಿಸೋದಕ್ಕೆ ಅರ್ಧ ದುಡ್ಡು ನಾನು ಕೊಡಬೇಕಂತೆ.