ಆರ್‌ಎಕ್ಸ್ 100 ಇದ್ದವರೆಲ್ಲ ಜಪಾನಿಗಳೇ

ನಮ್ಮ ಸೋದರಮಾವ ಜಪಾನಿನವರು. ಈ ವಿಷಯ ಅವರಿಗೇ ಗೊತ್ತಿಲ್ಲ. ಹುಟ್ಟಿದ್ದು ದಾವಣಗೆರೆಯಲ್ಲಿ, ಬೆಳೆದದ್ದು ಬೆಣ್ಣೆ ದೋಸೆ ತಿಂದು. ಆದರೆ ಮನೆ ಮುಂದೆ ಜಪಾನಿನ ಯಮಹಾ ಕಂಪನಿಯ ಆರ್‌ಎಕ್ಸ್ 100 ಬೈಕು ನಿಂತಿದೆ. ಅಷ್ಟು ಸಾಕು.

ಈ ಲೆಕ್ಕ ನನ್ನದಲ್ಲ, ಅಮೆರಿಕದ ಪಾಪ್ ಗಾಯಕಿ ಗ್ವೆನ್ ಸ್ಟೆಫಾನಿ ಅವರದು. ಅವರ ಅಪ್ಪ ಯಮಹಾದಲ್ಲಿ ಕೆಲಸಕ್ಕಿದ್ದರು, ಆಗಾಗ ಜಪಾನಿಗೆ ಹೋಗಿಬರುತ್ತಿದ್ದರು, ಮಗಳಿಗೆ ಅಲ್ಲಿನ ಕಥೆ ಹೇಳುತ್ತಿದ್ದರು. ಮಗಳು ದೊಡ್ಡವಳಾಗಿ ಟೋಕಿಯೊದ ಹರಾಜುಕು ಎಂಬ ಫ್ಯಾಷನ್ ಬಡಾವಣೆಗೆ ಹೋದಳು. ಅಲ್ಲಿನ ಹುಡುಗ ಹುಡುಗಿಯರ ವೇಷ ನೋಡಿದಾಗ ಏನನ್ನಿಸಿತು ಅಂತ 2023ರಲ್ಲಿ ಒಂದು ಪತ್ರಿಕೆಗೆ ಹೇಳಿದರು: ಅಯ್ಯೋ ದೇವರೇ, ನಾನು ಜಪಾನಿ, ನನಗೇ ಗೊತ್ತಿರಲಿಲ್ಲ! ಜೊತೆಗೆ ತಾನು ಸ್ವಲ್ಪ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿ ಹುಡುಗಿ, ಸ್ವಲ್ಪ ಜಪಾನಿ, ಸ್ವಲ್ಪ ಇಂಗ್ಲಿಷ್ ಅಂತಲೂ ಅಂದರು. ನಮ್ಮಜ್ಜಿ ಸಾರಿನ ಪುಡಿಗೂ ಇದಕ್ಕಿಂತ ಸರಿಯಾಗಿ ಅಳತೆ ಹೇಳುತ್ತಿದ್ದರು.

2004ರಲ್ಲಿ ಇದೇ ಗಾಯಕಿ ಎಲ್ಲಿ ಹೋದರೂ ಹಿಂದೆ ಹರಾಜುಕು ವೇಷದ ನಾಲ್ವರು ಡ್ಯಾನ್ಸರ್ ಹುಡುಗಿಯರು ಬರುತ್ತಿದ್ದರು. 'ಹರಾಜುಕು ಗರ್ಲ್ಸ್'. ಅವರಿಗಿಟ್ಟ ಹೆಸರು ಲವ್, ಏಂಜೆಲ್, ಮ್ಯೂಸಿಕ್, ಬೇಬಿ. ಗಾಯಕಿಯ ಆಲ್ಬಮ್ಮಿನ ಹೆಸರನ್ನೇ ನಾಲ್ಕು ತುಂಡು ಮಾಡಿ ಹಂಚಿದ್ದು. ಮೆರವಣಿಗೆಯಲ್ಲಿ ಛತ್ರಿ ಹಿಡಿದವರಿಗಾದರೂ ಸ್ವಂತ ಹೆಸರಿರುತ್ತದೆ, ಅಲ್ವಾ? ಆಮೇಲೆ ಗೊಂಬೆಯಾಕಾರದ ಬಾಟಲಿಗಳಲ್ಲಿ ಸೆಂಟೂ ಬಂತು.

ಅತ್ತ ಹರಾಜುಕುವಿನ ಮಕ್ಕಳು ಏನು ಮಾಡುತ್ತಿದ್ದರು? ಲೋಲಿಟಾ ಫ್ಯಾಷನ್ ಅಂತ ಹಳೇ ಫ್ರಾನ್ಸಿನ ರಾಣಿಯರ ಹಾಗೆ, ವಿಕ್ಟೋರಿಯಾ ಕಾಲದ ಗೊಂಬೆಗಳ ಹಾಗೆ ಲೇಸು, ಬಾನೆಟ್ ಟೋಪಿ, ಕೊಡೆಯಂತೆ ಉಬ್ಬಿದ ಲಂಗ ತೊಟ್ಟು ರೈಲಿನಲ್ಲಿ ಓಡಾಡುತ್ತಿದ್ದರು. ಆ ರಾಣಿಯರ ವರ್ಸೈ ಅರಮನೆಯಿಂದ ಯಾರೂ ಜಗಳಕ್ಕೆ ಬರಲಿಲ್ಲ. 2009ರಲ್ಲಿ ಜಪಾನಿನ ವಿದೇಶಾಂಗ ಇಲಾಖೆ ಇಂಥ ಲಂಗದ ಹುಡುಗಿಯೊಬ್ಬರನ್ನು ಮುದ್ದುತನದ ರಾಯಭಾರಿ ಅಂತ ನೇಮಿಸಿತು. ಯುರೋಪಿನ ಫ್ರಾಕನ್ನು ಇಸ್ತ್ರಿ ಮಾಡಿ, ನಮ್ಮ ಸಂಸ್ಕೃತಿ ಅಂತ ಯುರೋಪಿಗೇ ತೋರಿಸುವ ಧೈರ್ಯ! ನನಗಂತೂ ಖುಷಿಯಾಯಿತು. ಅವರು ಲಂಗ ತಗೊಂಡರು, ಲಂಗದೊಳಗಿನ ಫ್ರೆಂಚರನ್ನು ಹಿಂದೆ ಸಾಲಾಗಿ ನಿಲ್ಲಿಸಲಿಲ್ಲ.

ಇನ್ನೊಂದು ತುದಿ ಬಾಸ್ಟನ್. ಅಲ್ಲಿನ ಮ್ಯೂಸಿಯಂನಲ್ಲಿ ಫ್ರೆಂಚ್ ಚಿತ್ರಕಾರ ಮೋನೆ 1876ರಲ್ಲಿ ಬರೆದ ಚಿತ್ರವಿದೆ. ಅವನ ಹೆಂಡತಿ ಕೆಂಪು ಕಿಮೋನೊ ತೊಟ್ಟು, ಹೊಂಬಣ್ಣದ ಟೋಪನ್ ಹಾಕಿಕೊಂಡು, ಬೀಸಣಿಗೆ ಹಿಡಿದು ನಿಂತಿದ್ದಾಳೆ. ಚಿತ್ರ ಜಪಾನ್ ಪ್ರವಾಸಕ್ಕೆ ಹೋದಾಗ ಅಲ್ಲಿನ ಎನ್‌ಎಚ್‌ಕೆ ವಾಹಿನಿ ಅದೇ ನಮೂನೆಯ ಕಿಮೋನೊ ಮಾಡಿಸಿತು. ಜಪಾನಿನ ಜನ ತೊಟ್ಟು ನೋಡಿ ಖುಷಿಪಟ್ಟರು. 2015ರಲ್ಲಿ ಬಾಸ್ಟನ್ನಿನವರು ತೊಡಲು ಹೋದಾಗ ಬೇರೆಯವರ ಸಂಸ್ಕೃತಿಯನ್ನು ವೇಷ ಮಾಡಿಕೊಳ್ಳಬೇಡಿ ಅಂತ ಫಲಕ ಹಿಡಿದು ಪ್ರತಿಭಟನೆ ಶುರುವಾಯಿತು. ಮ್ಯೂಸಿಯಂ ತಲೆ ಕೆರೆದುಕೊಂಡು ತೊಡಿಸುವುದನ್ನು ನಿಲ್ಲಿಸಿತು. ಆಮೇಲೆ ಜಪಾನಿ ಹೆಂಗಸರೇ ಕಿಮೋನೊ ಉಟ್ಟು ಬಂದು, ತೊಡಲಿ ಬಿಡಿ ಅಂದರು. ಅವರ ಮಾತು ಯಾರಿಗೆ ಬೇಕು? ಮ್ಯೂಸಿಯಂನ ಹೊಸ ನಿಯಮ ಬದಲಾಗಲಿಲ್ಲ: ಮುಟ್ಟಬಹುದು, ತೊಡುವಂತಿಲ್ಲ. ನಮ್ಮ ಮಡಿ ಅಲ್ಲಿ ಉಲ್ಟಾ ಆಯಿತು ನೋಡಿ. ಇಲ್ಲಿ ಅಜ್ಜಿ ಉಡುತ್ತಿದ್ದರು, ನಾವು ಮುಟ್ಟುವಂತಿರಲಿಲ್ಲ.

ಮೊನ್ನೆ ಮಾವನಿಗೆ ಫೋನ್ ಮಾಡಿ, ನೀವು ಜಪಾನಿ ಅಂತ ಮೆಲ್ಲಗೆ ತಿಳಿಸಿದೆ. ಬೈಕಿಗೆ ಕಿಕ್ ಹೊಡೆಯುತ್ತಿದ್ದರು ಅನ್ನಿಸುತ್ತದೆ, ಉಸಿರು ಜಾಸ್ತಿ ಕೇಳುತ್ತಿತ್ತು.

"ಹಂಗಾದ್ರೆ ಸ್ಪೇರ್ ಪಾರ್ಟ್ಸ್ ಅಲ್ಲಿಂದ್ಲೇ ತರಿಸಬಹುದಾ?" ಅಂದರು.