ನನ್ನ ತಮ್ಮನ ಪಕ್ಕ ಆರು ವಾರ ನಿಂತವರು

ನನ್ನ ತಮ್ಮನಿಗೆ ಈಗ 29 ವರ್ಷ. ಡೌನ್ ಸಿಂಡ್ರೋಮ್ ಇದೆ. ಬೆಂಗಳೂರಿನ ಒಂದು ಸೂಪರ್ ಮಾರ್ಕೆಟ್‌ನಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷ ಆಯಿತು. ಇದನ್ನು ಕೇಳಿದವರೆಲ್ಲ ಮೊದಲು ಕೇಳುವುದು, "ಎಲ್ಲಿ ಟ್ರೇನಿಂಗ್ ಕೊಡಿಸಿದ್ರಿ?" ಅಂತ. ನಿಮ್ಮ ಮನೆಯಲ್ಲೂ ಇಂಥ ಮಗು ಇದ್ದರೆ ಈ ಪ್ರಶ್ನೆ ಯಾಕೆ ಬರುತ್ತೆ ಅಂತ ನನಗೆ ಗೊತ್ತು. ಆದರೆ ಟ್ರೇನಿಂಗ್ ಅವನಿಗೆ ಮೊದಲೇ ಬೇಕಾದಷ್ಟು ಸಿಕ್ಕಿತ್ತು. ಆರು ವರ್ಷ. ಮೇಣದ ಬತ್ತಿ, ಪೇಪರ್ ಕವರ್, ಫಿನಾಯಿಲ್, ದೀಪಾವಳಿ ಬಂದರೆ ಹಣತೆಗೆ ಬಣ್ಣ. ಅದು ಮುಗಿದ ಮೇಲೆ ಏನು ಅಂತ ಕೇಳಿದರೆ ಇನ್ನೊಂದು ಟ್ರೇನಿಂಗ್ ಹೆಸರು ಹೇಳುತ್ತಿದ್ದರು.

ಮೊದಲ ಕೆಲಸ ಸಿಕ್ಕಿದ್ದು ಒಂದು ಹೋಟೆಲ್‌ನಲ್ಲಿ. ತರಕಾರಿ ತೊಳೆಯುವುದು, ತಟ್ಟೆ ಒರೆಸಿ ಜೋಡಿಸುವುದು. ಹನ್ನೊಂದು ದಿನಕ್ಕೆ ಫೋನ್ ಬಂತು. "ಊಟಕ್ಕೆ ಕೂತರೆ ಏಳೋದೇ ಇಲ್ಲ ಮೇಡಂ. ಕರೆದು ಕರೆದು ಸಾಕಾಯ್ತು. ನಾಳೆಯಿಂದ ಬೇಡ." ಅವತ್ತು ರಾತ್ರಿ ನಾವೆಲ್ಲ ಅವನನ್ನೇ ಬೈದೆವು. ನಾನೂ ಬೈದೆ. ಅವನು ಏನೂ ಹೇಳಲಿಲ್ಲ.

ಅದರ ಕಾರಣ ಗೊತ್ತಾಗಿದ್ದು ಒಂದು ವರ್ಷದ ಮೇಲೆ. ಒಂದು ಸಂಸ್ಥೆಯಿಂದ ಜಾಬ್ ಕೋಚ್, ಅಂದರೆ ಕೆಲಸದ ಜಾಗದಲ್ಲೇ ಕಲಿಸುವವರು, ಒಬ್ಬರು ನಮ್ಮ ಮನೆಗೆ ಬಂದಿದ್ದರು. ನಾವು ಅವರನ್ನು ಮೇಡಂ ಅಂತಲೇ ಕರೆಯುವುದು. ಹೋಟೆಲ್ ಕಥೆ ಕೇಳಿ ಅವರು ಒಂದೇ ಪ್ರಶ್ನೆ ಕೇಳಿದರು. "ಟ್ರೇನಿಂಗ್ ಸೆಂಟರ್‌ನಲ್ಲಿ ಊಟದ ಟೈಮ್ ಮುಗೀತು ಅಂತ ಹೇಗೆ ಗೊತ್ತಾಗ್ತಿತ್ತು?"

ಬೆಲ್ ಹೊಡೆಯುತ್ತಿದ್ದರು. ಹೋಟೆಲ್‌ನಲ್ಲಿ ಬೆಲ್ ಇರಲಿಲ್ಲ. ಅವನು ಹನ್ನೊಂದು ದಿನವೂ ಬೆಲ್‌ಗೆ ಕಾಯುತ್ತಾ ಕೂತಿದ್ದ.

ಇದನ್ನು ಬರೆಯುವಾಗ ಈಗಲೂ ಗಂಟಲು ಕಟ್ಟುತ್ತದೆ.

ನನ್ನ ತಮ್ಮನ ಹಾಗೆ ಬೌದ್ಧಿಕ ಅಂಗವೈಕಲ್ಯ ಇರುವ ತುಂಬಾ ಜನರಿಗೆ ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆಗೆ ಒಯ್ಯುವುದು ಕಷ್ಟ. ನಾವು ಒಂದು ಗ್ಯಾಸ್ ಒಲೆ ಹಚ್ಚಲು ಕಲಿತರೆ ಎಲ್ಲ ಒಲೆಯನ್ನೂ ಹಚ್ಚುತ್ತೇವೆ. ಅವರಿಗೆ ಬೇರೆ ಒಲೆ ಅಂದರೆ ಬೇರೆ ಪಾಠ. ಹಾಗಾಗಿ ಸೆಂಟರ್‌ನಲ್ಲಿ ಎಷ್ಟು ವರ್ಷ ಕಲಿಸಿದರೂ ಕೆಲಸದ ಜಾಗದಲ್ಲಿ ಅದು ಕೈಕೊಡಬಹುದು. ಅಮೆರಿಕದಲ್ಲಿ ಮಾರ್ಕ್ ಗೋಲ್ಡ್ ಅನ್ನುವವರು 1970ರ ದಶಕದ ಹೊತ್ತಿಗೇ ಒಂದು ವಿಷಯ ತೋರಿಸಿಕೊಟ್ಟಿದ್ದರು. ಇವರಿಗೆ ಏನೂ ಕಲಿಸಲು ಆಗಲ್ಲ ಅಂತ ಎಲ್ಲರೂ ಕೈಬಿಟ್ಟಿದ್ದವರಿಗೆ ಅವರು 15 ಭಾಗಗಳ ಸೈಕಲ್ ಬ್ರೇಕ್ ಜೋಡಿಸಲು ಕಲಿಸಿದರು. ಕೆಲಸವನ್ನು ಚಿಕ್ಕ ಚಿಕ್ಕ ಹೆಜ್ಜೆಗಳಾಗಿ ಒಡೆದರು. ಮಾತು ಕಡಿಮೆ, ಕೈಯಲ್ಲಿ ಮಾಡಿ ತೋರಿಸುವುದು ಜಾಸ್ತಿ. ಒಬ್ಬರು ಕಲಿಯುತ್ತಿಲ್ಲ ಅಂದರೆ ಕಲಿಸುವ ದಾರಿ ಬದಲಾಗಬೇಕು ಅನ್ನುವುದು ಅವರ ನಂಬಿಕೆ. 1980ರ ದಶಕದಲ್ಲಿ ಇದು ಇನ್ನೂ ಮುಂದೆ ಹೋಯಿತು. ಮೊದಲು ಕೆಲಸಕ್ಕೆ ಸೇರಿಸಿ, ಆಮೇಲೆ ಅಲ್ಲೇ ನಿಂತು ಕಲಿಸಿ ಅನ್ನುವ ಪದ್ಧತಿ ಬಂತು. ಜಾಬ್ ಕೋಚ್ ಅಂದರೆ ಹಾಗೆ ಪಕ್ಕದಲ್ಲಿ ನಿಲ್ಲುವವರು.

ನಮ್ಮ ಮೇಡಂ ತಮ್ಮನಿಗಿಂತ ಮೊದಲು ತಾವೇ ಸೂಪರ್ ಮಾರ್ಕೆಟ್‌ಗೆ ಹೋಗಿ ಎರಡು ದಿನ ಕೆಲಸ ಮಾಡಿದರು. ಬಿಸ್ಕೆಟ್ ರ‍್ಯಾಕ್ ತುಂಬಿಸಿದರು, ರಟ್ಟಿನ ಡಬ್ಬ ಮಡಚಿದರು. ಎಲ್ಲವನ್ನೂ ನೋಟ್ ಬುಕ್‌ನಲ್ಲಿ ಬರೆದುಕೊಂಡರು. ಅಂಗಡಿಯಲ್ಲಿ ಹಳೆಯ ಸ್ಟಾಕ್ ಮೊದಲು ಹೋಗಬೇಕು ಅಲ್ವಾ? ಅದಕ್ಕೆ ಪ್ಯಾಕೆಟ್ ಮೇಲಿನ ತಾರೀಖು ಓದಬೇಕು. ಅದು ಅವನಿಗೆ ಬರಲ್ಲ, ಹಾಗಾಗಿ ಈ ಕೆಲಸ ಆಗಲ್ಲ ಅಂತ ಮ್ಯಾನೇಜರ್ ಹೇಳಿದ್ದರು. ಮೇಡಂ ತಾರೀಖಿನ ಗೋಜಿಗೇ ಹೋಗಲಿಲ್ಲ. "ರ‍್ಯಾಕ್‌ನಲ್ಲಿ ಇರೋದನ್ನು ಹೊರಗೆ ತೆಗಿ. ಹೊಸದನ್ನು ಹಿಂದೆ ಇಡು. ತೆಗೆದಿದ್ದನ್ನು ಮುಂದೆ ಇಡು." ಮೂರೇ ಹೆಜ್ಜೆ. ನಾಲ್ಕನೇ ದಿನ ಅವನಿಗೆ ಅದು ಪೂರ್ತಿ ಬಂತು. ಊಟದ ಹೊತ್ತಿಗೆ ಅಲಾರಂ ಇರುವ ಕೈಗಡಿಯಾರ ಕೊಡಿಸಿದೆವು. ಅದು ಹೊಡೆದರೆ ಏಳಬೇಕು. ನಾನೂರು ರೂಪಾಯಿಯೂ ಆಗಲಿಲ್ಲ.

ಆದರೆ ಅವರ ಅರ್ಧ ಕೆಲಸ ನಡೆದಿದ್ದು ತಮ್ಮನ ಜೊತೆ ಅಲ್ಲ, ಅಲ್ಲಿನ ಉಳಿದ ಹುಡುಗರ ಜೊತೆ. "ಏಯ್, ಸ್ವಲ್ಪ ಆ ಕಡೆ ನೋಡ್ಕೋ" ಅಂದರೆ ಅವನು ನಿಜವಾಗಲೂ ಆ ಕಡೆ ನೋಡಿಕೊಂಡು ನಿಲ್ಲುತ್ತಿದ್ದ. ಮಾತು ಕೇಳಲ್ಲ ಅಂತ ಅವರಿಗೆ ಸಿಟ್ಟು. "ಮೂರನೇ ರ‍್ಯಾಕ್ ತುಂಬಿಸು, ಆಮೇಲೆ ನನ್ನ ಹತ್ರ ಬಾ ಅಂತ ಹೇಳಿ ನೋಡಿ" ಅಂತ ಮೇಡಂ ಅವರಿಗೆ ಕಲಿಸಿದರು. ಹಾಗೆ ಹೇಳಿದ ದಿನದಿಂದ ತಕರಾರು ಕಡಿಮೆಯಾಯಿತು. ಹೊಸದಾಗಿ ಸೇರುವ ಎಲ್ಲರಿಗೂ ಈಗ ಹಾಗೇ ಹೇಳುತ್ತೇವೆ, ಕೆಲಸ ಬೇಗ ಹತ್ತುತ್ತೆ ಅಂತ ಮ್ಯಾನೇಜರ್ ಆಮೇಲೆ ನನಗೆ ಹೇಳಿದರು.

ಬಸ್ಸಿನದ್ದೂ ಒಂದು ಪಾಠ. ಮೇಡಂ ಮೊದಲು ಅವನ ಪಕ್ಕ ಕೂತು ಹೋದರು. ಆಮೇಲೆ ನಾಲ್ಕು ಸೀಟು ಹಿಂದೆ. ಆಮೇಲೆ ಸ್ಕೂಟರ್‌ನಲ್ಲಿ ಬಸ್ಸಿನ ಹಿಂದೆ. ಅಂಗಡಿಯಲ್ಲೂ ಹಾಗೇ. ಮೊದಲ ವಾರ ಮಗ್ಗುಲಲ್ಲೇ, ಮೂರನೇ ವಾರ ಸಾಲಿನ ಕೊನೆಯಲ್ಲಿ, ಐದನೇ ವಾರ ಎದುರಿನ ಟೀ ಅಂಗಡಿಯಲ್ಲಿ. ಆರು ವಾರ ಆದ ಮೇಲೆ ಫೋನ್ ಮಾತ್ರ. ಹೀಗೆ ಹಿಂದೆ ಸರಿಯುವುದೇ ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟ ಅಂತ ನನಗೆ ಅನ್ನಿಸುತ್ತದೆ. ಅಮ್ಮನಿಂದ ಅದು ಇವತ್ತಿಗೂ ಆಗಲ್ಲ.

ಕಾನೂನಿನ ಮಾತಿಗೆ ಬರೋಣ. ಅಂಗವಿಕಲರಿಗಾಗಿ ಬಂದ 1995ರ ಕಾಯ್ದೆಯಲ್ಲಿ ಸರ್ಕಾರಿ ಕೆಲಸಕ್ಕೆ ಶೇ 3 ಮೀಸಲಾತಿ ಇತ್ತು. ದೃಷ್ಟಿ, ಶ್ರವಣ, ಕೈಕಾಲಿನ ತೊಂದರೆ ಇರುವವರಿಗೆ. ನನ್ನ ತಮ್ಮನಂಥವರಿಗೆ ಏನೂ ಇರಲಿಲ್ಲ. 2016ರ ಕಾಯ್ದೆ ಪಟ್ಟಿಯನ್ನು 7ರಿಂದ 21 ಬಗೆಯ ಅಂಗವೈಕಲ್ಯಕ್ಕೆ ಹಿಗ್ಗಿಸಿತು. ಮೀಸಲಾತಿ ಶೇ 4 ಆಯಿತು. ಆ ಕೊನೆಯ ಒಂದು ಪರ್ಸೆಂಟನ್ನು ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಕಲಿಕೆಯ ತೊಂದರೆ, ಮಾನಸಿಕ ಕಾಯಿಲೆ, ಬಹುವಿಧ ಅಂಗವೈಕಲ್ಯ ಇರುವವರು ಹಂಚಿಕೊಳ್ಳಬೇಕು. ಅದೂ ದೊಡ್ಡದೇ, ಬೇಡ ಅನ್ನಲ್ಲ. ಆದರೆ ಪರೀಕ್ಷೆ ಬರೆದು ಸರ್ಕಾರಿ ಕೆಲಸ ಹಿಡಿಯುವವರು ಎಷ್ಟು ಜನ? ಇವರಿಗೆ ಸಿಗಬಹುದಾದ ಕೆಲಸ ಇರುವುದು ಅಂಗಡಿ, ಹೋಟೆಲ್, ಗೋಡೌನ್, ನರ್ಸರಿಗಳಲ್ಲಿ. ಖಾಸಗಿಯವರು ಶೇ 5ರಷ್ಟು ಅಂಗವಿಕಲರನ್ನು ತೆಗೆದುಕೊಳ್ಳುವಂತೆ ಸರ್ಕಾರ ಪ್ರೋತ್ಸಾಹ ಕೊಡಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ. ಆ ಪ್ರೋತ್ಸಾಹದಲ್ಲಿ ಜಾಬ್ ಕೋಚ್‌ನ ಮೂರು ತಿಂಗಳ ಸಂಬಳವೂ ಸೇರಲಿ ಅನ್ನುವುದು ನನ್ನ ಬೇಡಿಕೆ. ಮಾಲೀಕರಿಗೆ ತೆರಿಗೆ ವಿನಾಯಿತಿಗಿಂತ ಜಾಸ್ತಿ ಬೇಕಾಗಿರುವುದು ತೊಂದರೆ ಬಂದಾಗ ಫೋನ್ ಎತ್ತುವ ಒಬ್ಬರು.

ನಮ್ಮ ಬೆಂಗಳೂರಿಗೆ ಇದೇನು ಹೊಸದಲ್ಲ. ಅಂಗವಿಕಲರಿಗಾಗಿ ಕೆಲಸ ಮಾಡುವ ಎಪಿಡಿ ಸಂಸ್ಥೆ 1959ರಿಂದ ಇಲ್ಲಿದೆ. ಎನೇಬಲ್ ಇಂಡಿಯಾ 1999ರಿಂದ ಅಂಗವಿಕಲರ ಉದ್ಯೋಗಕ್ಕಾಗಿಯೇ ದುಡಿಯುತ್ತಿದೆ. 2017ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ, ಅಂಗವಿಕಲರೇ ನಡೆಸುವ ಮಿಟ್ಟಿ ಕೆಫೆ ಈಗ ಸುಪ್ರೀಂ ಕೋರ್ಟ್ ಆವರಣದವರೆಗೆ ಹೋಗಿದೆ. ಅಲ್ಲಿ ಕಾಫಿ ಕುಡಿಯುವಾಗ ನನಗೆ ನಿಜಕ್ಕೂ ಹೆಮ್ಮೆ ಆಗುತ್ತದೆ. ಆದರೆ ಎಲ್ಲರೂ ಅಂಥ ಜಾಗಕ್ಕೇ ಹೋಗಬೇಕು ಅಂತಿಲ್ಲ. ನನ್ನ ತಮ್ಮನಿಗೆ ಕಾಫಿ ಮಾಡುವುದು ಇಷ್ಟವಿಲ್ಲ, ಜೋಡಿಸುವುದು ಇಷ್ಟ. ಮಾಮೂಲಿ ಅಂಗಡಿಯಲ್ಲಿ, ಮಾಮೂಲಿ ಹುಡುಗರ ನಡುವೆ, ಅವರಷ್ಟೇ ಸಂಬಳಕ್ಕೆ ಇರುವುದು ಅವನಿಗೆ ಖುಷಿ.

"ಪಾಪ, ಯಾಕೆ ಅವನನ್ನ ದುಡಿಸ್ತೀರಾ? ಮನೇಲಿರ್ಲಿ ಬಿಡಿ" ಅನ್ನುವ ನೆಂಟರಿಗೆ ನಾನು ಉತ್ತರ ಕೊಡುವುದಿಲ್ಲ. ತಿಂಗಳ ಮೊದಲ ವಾರ ಅವನೇ ಅಪ್ಪನನ್ನು ಎಬ್ಬಿಸಿ ಪಾಸ್ ಬುಕ್ ಎಂಟ್ರಿಗೆ ಹೊರಡಿಸುತ್ತಾನೆ. ಅದನ್ನು ನೋಡಿದವರು ಮತ್ತೆ ಆ ಮಾತು ಆಡಿಲ್ಲ.

ಹೋದ ಡಿಸೆಂಬರ್‌ನಲ್ಲಿ ಅಂಗಡಿಯವರು ಬಿಸ್ಕೆಟ್ ಸಾಲನ್ನು ಮಹಡಿಗೆ ಸಾಗಿಸಿದರು. ಬೆಳಿಗ್ಗೆ ಹೋದವನಿಗೆ ತನ್ನ ರ‍್ಯಾಕ್ ಕಾಣಲಿಲ್ಲ. ಡಿಟರ್ಜೆಂಟ್ ಮುಂದೆ ನಿಂತು ಅತ್ತನಂತೆ. ಎರಡು ದಿನ ಕೆಲಸಕ್ಕೆ ಹೋಗಲ್ಲ ಅಂದ. ಮೇಡಂಗೆ ಫೋನ್ ಮಾಡಿದೆ. ಅವರ ಪ್ರಾಜೆಕ್ಟ್‌ಗೆ ದುಡ್ಡು ನಿಂತು ಎಂಟು ತಿಂಗಳಾಗಿತ್ತು. ಅವರು ಬೇರೆ ಕಡೆ ಅಕೌಂಟ್ಸ್ ಕೆಲಸಕ್ಕೆ ಸೇರಿದ್ದರು. ಆದರೂ ಭಾನುವಾರ ಬಂದರು. ಅವನ ಜೊತೆ ಮೆಟ್ಟಿಲು ಹತ್ತಿದರು, ಇಳಿದರು, ಮತ್ತೆ ಹತ್ತಿದರು. ಮಧ್ಯಾಹ್ನದ ಹೊತ್ತಿಗೆ ಅವನೇ ಮುಂದೆ ನಡೆದು ಅವರಿಗೆ ರ‍್ಯಾಕ್ ತೋರಿಸಿದ. ಹೊರಡುವಾಗ ಆಟೋ ದುಡ್ಡಾದರೂ ತಗೊಳ್ಳಿ ಅಂತ ಕೈಗೆ ಇಟ್ಟೆ. ತಗೊಳ್ಳಲಿಲ್ಲ.